ಹನ್ನೊಂದನೆಯ ಸರಪಳಿ

ಮೊನ್ನೆ ಮಧ್ಯಾಹ್ನ ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದೆ. ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬಂತು. ತಲೆಗೆ ಒತ್ತುವ ಎಣ್ಣೆಯ ವಾಸನೆಯಲ್ಲ; ಕಬ್ಬಿಣಕ್ಕೆ ಸವರಿ ಬಿಸಿಲಿಗೆ ಕಾದ ಹರಳೆಣ್ಣೆ. ಮೊರ ಕೆಳಗಿಟ್ಟು ಎದ್ದುಬಿಟ್ಟೆ. ಬೀದಿಯ ತುದಿಯಲ್ಲಿ ಖಾಕಿ ಚಡ್ಡಿಯ ಇಬ್ಬರು ಸರಪಳಿ ಎಳೆದುಕೊಂಡು ಬರುತ್ತಿದ್ದರು. ಅವರ ಹಿಂದೆ ಕೊಡೆ ಹಿಡಿದ ಒಬ್ಬ ಹೊಸ ಸರ್ವೆಯವನು. ಸರಪಳಿ ನೆಲಕ್ಕೆ ತಾಗಿ ಝಣಝಣ ಅಂದಾಗ ನನ್ನ ಎದೆಯೂ ಹಾಗೆಯೇ ಅಂತು... ನಲವತ್ತಕ್ಕೆ ಹತ್ತಿರವಾದ ಹೆಂಗಸು ನಾನು, ಮಗಳಿಗೆ ಗಂಡು ನೋಡುತ್ತಿದ್ದೇವೆ. ಆದರೂ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ಬೀದಿಗಿಳಿದು ನೋಡುತ್ತ ನಿಂತೆ.

ತಾಲ್ಲೂಕು ಆಫೀಸಿನ ಮಂದಿ ಹೇಳುವುದನ್ನು ಕೇಳಿದರೆ ಇನ್ನು ಸ್ವಲ್ಪ ದಿನದಲ್ಲಿ ನಮ್ಮ ಕೊಳ್ಳೇಗಾಲ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರುತ್ತದಂತೆ. ನಾನು ಯಳಂದೂರು ಕಡೆ ಹುಟ್ಟಿ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದವಳು. ಗಾಡಿಯಲ್ಲಿ ಒಂದು ಹೊತ್ತಿನ ದಾರಿ, ಅಷ್ಟೇ. ಆದರೆ ಅಲ್ಲಿ ಮಹಾರಾಜರ ಸರ್ಕಾರ, ಇಲ್ಲಿ ಕೊಯಮತ್ತೂರಿನ ಕಲೆಕ್ಟರು. ಅಲ್ಲಿ ಭೂಮಿಗೆ ಗುಂಟೆ ಲೆಕ್ಕ, ಇಲ್ಲಿ ಸೆಂಟಿನ ಲೆಕ್ಕ. ಮದುವೆಯಾದ ಹೊಸತರಲ್ಲಿ ನಮ್ಮ ತೋಟ ಎಷ್ಟು ಗುಂಟೆ ಎಂದು ಕೇಳಿ ಇಡೀ ಮನೆಯನ್ನು ನಗಿಸಿದ್ದೆ. ನಗದೆ ಉತ್ತರ ಕೊಟ್ಟವರು ಒಬ್ಬರೇ, ಜಗುಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಪಕ್ಕದ ಮನೆಯ ಸರ್ವೆ ತಾತ.

“ಗುಂಟೆನೂ ಭೂಮಿನೇ, ಸೆಂಟೂ ಭೂಮಿನೇ ಕೂಸು. ರಾಗಿಗೆ ಯಾವ್ದೂ ಗೊತ್ತಿಲ್ಲ,” ಅಂದಿದ್ದರು. ಅವತ್ತಿಗೇ ನಾನು ಅವರ ಕಡೆಯವಳಾಗಿಬಿಟ್ಟೆ.

ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಹಿಂದಿನ ಶತಮಾನದ ಮನುಷ್ಯ. ಉದ್ದನೆಯ, ಸಣಕಲು ಆಳು. ಜರಿಯಂಚಿನ ಪೇಟ, ಕರಿಕೋಟು, ತುದಿ ತಿರುವಿದ ಬಿಳಿ ಮೀಸೆ. ಆ ಮೀಸೆಯ ಮೇಲೆ ಅವರಿಗಿದ್ದ ಮೋಹ ಸಣ್ಣದಲ್ಲ; ನಮ್ಮ ಮನೆಯ ಹಿತ್ತಾಳೆ ಬಿಂದಿಗೆಯಲ್ಲಿ ಮುಖ ಕಂಡರೂ ಸಾಕು, ನಿಂತು ಒಮ್ಮೆ ತೀಡಿಕೊಂಡೇ ಹೋಗುತ್ತಿದ್ದರು. ಬೀದಿಯಲ್ಲಿ ನಡೆದರೆ ನೂಲು ಹಿಡಿದಂತೆ ನೆಟ್ಟಗೆ ನಡೆಯಬೇಕು. ಎದುರಿಗೆ ಎಮ್ಮೆ ಬಂದರೆ ಎಮ್ಮೆಯೇ ಪಕ್ಕಕ್ಕೆ ಸರಿಯುತ್ತಿತ್ತು.

ಮೀಸೆ ಮೂಡುವ ಕಾಲಕ್ಕೇ ಸರ್ವೆ ಪಾರ್ಟಿ ಸೇರಿ, ಹನೂರಿನಿಂದ ಆಚೆ ಕಾಡು ಬೆಟ್ಟಗಳನ್ನೆಲ್ಲ ಅಳೆದು ಬಂದವರಂತೆ ಅವರು. ಡೇರೆ, ಚಳಿಜ್ವರ, ಕರಡಿ, ಬೆಳಗೂ ಬೈಗೂ ತಮಿಳಿನಲ್ಲಿ ಬೈಯುವ ದೊಡ್ಡ ಸರ್ವೆಯರು... ಆ ಕಥೆಗಳನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕಾಗುತ್ತಿರಲಿಲ್ಲ. ಗೋಪಿನಾಥಂ ಹತ್ತಿರ ಸಂಜೆ ನೆಟ್ಟ ಕೆಂಪು ಬಾವುಟಗಳು ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದವಂತೆ. ಹುಡುಕಿಕೊಂಡು ಹೋದರೆ ಕಾಡಿನಂಚಿನ ಒಂದು ಗುಡಿಸಲಿನಲ್ಲಿ ಎಳೆಮಗುವೊಂದು ಸರ್ಕಾರಿ ಬಾವುಟದ ಜೋಲಿಯಲ್ಲಿ ಮಲಗಿತ್ತಂತೆ. ತಾತ ಸುಮ್ಮನೆ ಹಿಂತಿರುಗಿ, ಬಾವುಟಗಳನ್ನು ಆನೆ ಕಿತ್ತುಹಾಕಿತು ಎಂದು ಸರ್ವೆಯ ಬಿಳಿ ದೊರೆಗೆ ಬರೆದು ಕಳಿಸಿದರಂತೆ. “ಆನೆ ಮ್ಯಾಲೆ ಏಳುದ್ರೆ ಯಾರೂ ಕೇಳಕ್ಕೋಗಲ್ಲ ಕೂಸು,” ಎಂದು ಹೇಳಿ ಮೀಸೆಯ ಮರೆಯಲ್ಲಿ ನಗುತ್ತಿದ್ದರು.

ಅಂಥವರು ಸರ್ಕಾರದ ಕೆಲಸ ಬಿಟ್ಟು ರಾಜಕೀಯಕ್ಕೆ ಏಕೆ ಬಂದರು ಎಂದು ಒಮ್ಮೆ ಕೇಳಿದ್ದೆ. ರಾಮಾಪುರದ ಕಡೆ ಒಬ್ಬ ಮುದುಕಿಯ ಹೊಲ ಅಳೆದು, ಮೂಲೆಗೆ ಕಲ್ಲು ನೆಡಿಸಿ, ಬೆವರೊರೆಸಿಕೊಳ್ಳುತ್ತ ನಿಂತಿದ್ದಾಗ ಅವಳು ಅಂದಳಂತೆ: “ಕಲ್ಲು ನೆಟ್ರಿ ಬುದ್ದಿ, ಸರಿ. ಈಗ ನೀರೆಷ್ಟು ದೂರದಲ್ಲದೆ ಅಂತ ಅಳೀರಿ.” ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿಯಿತಂತೆ. ಮುಂದೆ ನೌಕರಿ ಬಿಟ್ಟು ತಾಲ್ಲೂಕು ಬೋರ್ಡಿಗೆ ನಿಂತರು, ಗೆದ್ದರು. ರಾಮಾಪುರದಲ್ಲಿ ಬಾವಿ ತೋಡಿಸಿದ ಮೇಲೆಯೇ ಬೇರೆ ಮಾತು. ಬಾವಿಯ ಮೊದಲ ಕೊಡವನ್ನು ಆ ಮುದುಕಿಯ ತಲೆಗೆ ಎತ್ತಿಕೊಟ್ಟದ್ದು ತಾವೇ ಎನ್ನುತ್ತಿದ್ದರು. ಇದ್ದರೂ ಇರಬಹುದು. ತಾತ ಹೇಳಿದ್ದರಲ್ಲಿ ಕಾಲುಭಾಗ ಬಣ್ಣ ಇರುತ್ತಿತ್ತೆಂದು ನಮ್ಮ ಅತ್ತೆ ಅನ್ನುತ್ತಿದ್ದರು.

ಓಟು ಕೇಳುವುದರಲ್ಲೂ ಅವರದೇ ಒಂದು ಕ್ರಮ. ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಆದರೆ ಎಲ್ಲರ ಹೊಲವೂ ನೆನಪಿರುತ್ತಿತ್ತು. ಹನೂರು ಸಂತೆಯಲ್ಲಿ ಯಾವನೋ ಅಡ್ಡ ಸಿಕ್ಕಿದರೆ ಹೆಗಲ ಮೇಲೆ ಕೈ ಹಾಕಿ, ಮೂಲೆಯಲ್ಲಿ ಹುಣಸೆಮರ ಇರುವ ಹೊಲ ನಿಮ್ಮದಲ್ಲವಾ, ಆ ಮರ ಇನ್ನೂ ಇದೆಯಾ ಅನ್ನುವರು. ಅವನು ಬೆರಗಾಗಿ ಬಾಯಿ ಬಿಡುವನು. ಅಪ್ಪನ ಹೆಸರು ಹೇಳಿದರೆ ಮರೆಯಬಹುದು, ಅಪ್ಪನ ಹುಣಸೆಮರ ನೆನೆದವರನ್ನು ಯಾವ ರೈತ ಬಿಟ್ಟುಕೊಡುತ್ತಾನೆ?

ಇಷ್ಟೆಲ್ಲ ಇದ್ದ ಮನುಷ್ಯ ಚೌಕಾಬಾರದಲ್ಲಿ ಮಾತ್ರ ಪಕ್ಕಾ ಮೋಸಗಾರ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಜಗುಲಿಯಲ್ಲಿ ಅತ್ತೆಗೂ ಅವರಿಗೂ ಆಟ. ಕವಡೆ ಬಿದ್ದ ತಕ್ಷಣ ಕೆಮ್ಮುವುದು, ಕೆಮ್ಮುತ್ತ ಮೊಣಕೈಯಿಂದ ಒಂದು ಕವಡೆ ಮಗುಚುವುದು. ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಸಿಕ್ಕಿಬೀಳುತ್ತಿರಲಿಲ್ಲ.

“ಊರ್ಗೆಲ್ಲ ನ್ಯಾಯ ಏಳ್ತೀರಿ, ಇಲ್ಲಿ ಕಾಯಿ ಕದೀತೀರಲ್ಲ,” ಅನ್ನುವರು ಅತ್ತೆ.

“ಇಲ್ಲಿ ಕದ್ರೆ ತಾನೆ ಮಗ್ಳೆ, ಅಲ್ಲಿ ಕದಿಯೋ ಚಟ ಬರಕಿಲ್ಲ,” ಅನ್ನುವರು ತಾತ.

ನಮ್ಮ ಅತ್ತೆ ಮಾತು ಕಡಿಮೆಯ ಹೆಂಗಸು. ಹಣೆ ತುಂಬ ವಿಭೂತಿ, ತುಟಿ ಬಿಗಿ. ಅವರ ತಂದೆ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಹಿಪ್ಪುನೇರಳೆ ತೋಟ ಒಂದಿತ್ತು. ಊರ ಹೊರಗೆ, ಯಳಂದೂರು ಎಲ್ಲೆಯ ಕಡೆಗೆ. ಆಗ ಕಂದಾಯ ಕಟ್ಟುವವರಿಗಷ್ಟೇ ಓಟು; ಪಟ್ಟಾ ಅತ್ತೆಯ ಹೆಸರಿನಲ್ಲೇ ಇದ್ದುದರಿಂದ ಬೀದಿಯಲ್ಲಿ ಓಟಿದ್ದ ಹೆಂಗಸು ಅವರೊಬ್ಬರೇ. ನಾನು ಇನ್ನೂ ಚಿಕ್ಕವಳು, ನನಗೆ ಓಟಿನ ವಯಸ್ಸಾಗಿರಲಿಲ್ಲ. ಆ ತೋಟವೆಂದರೆ ಅತ್ತೆಗೆ ಪ್ರಾಣ. ರೇಷ್ಮೆ ಹುಳು ಮೇಯಿಸುವ ದಿನಗಳಲ್ಲಿ ಸೊಪ್ಪು ಕೊಯ್ಯಲು ಬೇರೆಯವರನ್ನು ಕಳಿಸುತ್ತಲೇ ಇರಲಿಲ್ಲ, ತಾವೇ ಹೋಗುತ್ತಿದ್ದರು.

ಜಗಳ ಎದ್ದದ್ದು ಆ ತೋಟದ ಪಕ್ಕದಲ್ಲೇ. ನನ್ನ ತವರೂರಿನಿಂದ ಕೊಳ್ಳೇಗಾಲಕ್ಕೆ ಜನ ಬರುತ್ತಿದ್ದುದು ತೋಟದ ಮಗ್ಗುಲಿನ ಗದ್ದೆಯ ಬದುವಿನ ಮೇಲೆ. ರೇಷ್ಮೆಗೂಡಿನ ಗಾಡಿ, ಸಂತೆಗೆ ಹೋಗುವವರು, ಹೆರಿಗೆಗೆ ಹೋಗುವ ಹೆಣ್ಣುಮಕ್ಕಳು ಎಲ್ಲರಿಗೂ ಅದೇ ದಾರಿ. ಗದ್ದೆ ಅಕ್ಕಿ ಗಿರಣಿಯ ಯಜಮಾನರದು. ಆ ವರ್ಷ ಅವರು ಬದುವಿನ ಉದ್ದಕ್ಕೂ ಕಳ್ಳಿ ನೆಡಿಸಿ ಮುಚ್ಚಿಬಿಟ್ಟರು. ಸುತ್ತು ದಾರಿಯಲ್ಲಿ ಹಳ್ಳ ದಾಟಬೇಕು. ಮಳೆ ಬಂದರೆ ಅದೂ ಇಲ್ಲ. ಆಗ ನನಗೆ ಐದು ತಿಂಗಳು. ಬಾಣಂತನಕ್ಕೆ ತವರಿಗೆ ಹೋಗುವುದು ಸರಿಯಾಗಿ ಮಳೆಗಾಲದಲ್ಲಿ. ಹಳ್ಳದ ನೆನಪಾದಾಗಲೆಲ್ಲ ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದೆ.

ಅಷ್ಟರಲ್ಲಿ ಜಿಲ್ಲಾ ಬೋರ್ಡಿನ ಚುನಾವಣೆ ಬಂತು. ತಾತ ಒಂದು ಕಡೆ, ಗಿರಣಿ ಯಜಮಾನರು ಇನ್ನೊಂದು ಕಡೆ. ಆಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಡಬ್ಬ. ಪರದೆಯ ಹಿಂದೆ ಹೋಗಿ ಬೇಕಾದ ಡಬ್ಬಕ್ಕೆ ಚೀಟಿ ಹಾಕಬೇಕು. ತಾತನದು ಹಸಿರು, ಯಜಮಾನರದು ಕೆಂಪು. ನಮ್ಮ ಮಾವ ತಾತನ ಬಲಗೈ. ಅರ್ಜಿಗೆ ಸೂಚಕರಾಗಿ ರುಜು ಹಾಕಿದವರು ಅವರೇ. ನಮ್ಮ ಬಂಧು ಬಳಗವೆಲ್ಲ ಹಸಿರು ಎಂದರೆ ಹಸಿರು. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಒಲೆ ಆರಲಿಲ್ಲ. ಹನೂರಿನಿಂದ, ಸತ್ತೇಗಾಲದಿಂದ ಜನ ಬರುವರು, ಉಪ್ಪಿಟ್ಟು ತಿನ್ನುವರು, ಹೋಗುವರು. ಬೀದಿ ಮಕ್ಕಳು ಹಸಿರು ಕಾಗದ ತಲೆಗೆ ಸಿಕ್ಕಿಸಿಕೊಂಡು ಕುಣಿಯುವರು. ನನಗಂತೂ ಹೊಟ್ಟೆಯಲ್ಲಿದ್ದ ಕೂಸೂ ತಾತನ ಕಡೆಯೇ ಇದೆ ಅನ್ನಿಸುತ್ತಿತ್ತು.

ಸಂತೆಯ ದಿನ ತಾತ ಗಾಡಿಯ ಮೇಲೆ ನಿಂತು ಭಾಷಣ ಮಾಡಿದರು. ಗಿರಣಿಯವರು ಬೇಲಿ ಹಾಕಿದ್ದು ಸರ್ಕಾರದ ಗಾಡಿದಾರಿಗೆ, ಅದನ್ನು ಅಳೆದು ಕಲ್ಲು ನೆಡಿಸಿದವನು ನಾನೇ ಅಂದರು. ಕಲ್ಲು ಎಲ್ಲಿದೆ ತೋರಿಸಿ ಎಂದು ಯಜಮಾನರ ಕಡೆಯವನೊಬ್ಬ ಕೂಗಿದ. ಕಲ್ಲು ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ತಾತ ಮೀಸೆ ತೀಡಿದರು.

“ಕಲ್ಲು ಕೀಳ್ಬೋದು ಕಣ್ಲಾ. ಕಲ್ಲಿನ ತಳದಲ್ಲಿ ಊಣಿರೋ ಇದ್ಲು ಯಾರು ಕಿತ್ತಾರು? ಅಗೆದು ತೋರಿಸ್ತೀನಿ. ಇದ್ಲು ಸಿಕ್ದೇ ಓದ್ರೆ ನನ್ ಡಬ್ಬಕ್ಕೆ ಒಂದು ಓಟೂ ಆಕ್ಬೇಡಿ.”

ಎಲ್ಲೆಯ ಕಲ್ಲು ನೆಡುವಾಗ ತಳಕ್ಕೆ ಒಂದು ಬೊಗಸೆ ಇದ್ದಲು, ಮಡಕೆ ಚೂರು ಹಾಕಿ ಮುಚ್ಚುವುದು ನಮ್ಮ ಕಡೆಯ ಹಿರಿಯರ ಪದ್ಧತಿ. ಇದ್ದಲನ್ನು ಗೆದ್ದಲು ತಿನ್ನುವುದಿಲ್ಲ, ಮಳೆ ಕರಗಿಸುವುದಿಲ್ಲ, ಕಳ್ಳನಿಗೆ ಅದು ಬೇಕಾಗಿಯೂ ಇಲ್ಲ. ಕಲ್ಲು ಹೋದರೂ ಅದು ಸಾಕ್ಷಿ ಹೇಳುತ್ತದೆ. ತಾತ ಅದರ ಜೊತೆಗೆ ತಮ್ಮದೊಂದು ಗುರುತೆಂದು ಒಂದು ಕವಡೆಯನ್ನೂ ಹಾಕುತ್ತಿದ್ದರಂತೆ. ಕಾಡಿನ ಡೇರೆಯಲ್ಲಿ ಚೌಕಾಬಾರವೇ ಗತಿಯಾಗಿದ್ದ ಕಾಲದ ಚಟ ಅದು.

ಅಗೆಯುವ ದಿನ... ಅಂಥ ದಿನವನ್ನು ನಾನು ಆಮೇಲೆ ಕಂಡಿಲ್ಲ. ಬಿಸಿಲು ಏರುವ ಮೊದಲೇ ಊರಿಗೆ ಊರೇ ತೋಟದ ಕಡೆ ನಡೆಯಿತು. ಹೆಂಗಸರಿಗೆ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿದ್ದರು. ಅತ್ತೆ, ನಾನು ಕಮಾನಿನ ಕೆಳಗೆ ಕೂತು ಇಣುಕುತ್ತಿದ್ದೆವು. ಕಡಲೆಕಾಯಿ ಮಾರುವವನೂ ಬಂದಿದ್ದ. ತಾಲ್ಲೂಕು ಕಚೇರಿಯವರು ಚುನಾವಣೆಯ ಸಮಯದಲ್ಲಿ ನಮಗೇಕೆ ಈ ಉಸಾಬರಿ ಎಂದು ಸರಪಳಿ ಕೊಡಲಿಲ್ಲ. ಅದನ್ನು ಕೇಳಿ ನನ್ನ ಅಪ್ಪ ತವರೂರಿನ ಶಾನುಭೋಗರ ಮನೆಯಿಂದ ಸರಪಳಿ ಇಸಿದುಕೊಂಡು ಒಂದು ಗಾಡಿ ತುಂಬ ಹುಡುಗರ ಜೊತೆ ಬಂದಿಳಿದರು. ಅಪ್ಪನ ಹೆಗಲ ಮೇಲೆ ಆ ಸರಪಳಿ ಕಂಡು ನನಗೆ ಹಿಗ್ಗೋ ಹಿಗ್ಗು. ತಾತ ಅಂದು ಹೊಸ ಜರಿಪೇಟ ಸುತ್ತಿದ್ದರು.

ಮೂರು ಊರುಗಳ ಎಲ್ಲೆ ಕೂಡುವಲ್ಲಿ ಒಂದು ದೊಡ್ಡ ಕಲ್ಲಿದೆ, ಮುಗ್ಗಡಿ ಕಲ್ಲು. ಅದಕ್ಕೆ ಅರಿಶಿನ ಬಳಿದು ಪೂಜೆ ಮಾಡುವುದರಿಂದ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಅಲ್ಲಿಂದ ನೇರಕ್ಕೆ ಹನ್ನೊಂದು ಸರಪಳಿ ದೂರದಲ್ಲಿ ನಮ್ಮ ಗಾಡಿದಾರಿಯ ಕಲ್ಲು ಇತ್ತು, ಆ ಅಂಕಿ ನನ್ನ ತಲೆಯಲ್ಲಿ ಕೆತ್ತಿದ ಹಾಗಿದೆ ಎಂದರು ತಾತ. ತವರೂರಿನ ಹುಡುಗರು ಸರಪಳಿ ಎಳೆಯತೊಡಗಿದರು. ತಾತ ಬಗ್ಗಿ ನೋಡಲಿಲ್ಲ. ಬದುವಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. ಪ್ರತಿ ಸರಪಳಿಗೂ ಜನ ಒಕ್ಕೊರಲಿನಿಂದ ಕೂಗುತ್ತಿದ್ದರು. ಹನ್ನೊಂದನೆಯದು ಬಂದು ಬಿದ್ದದ್ದು ಯಜಮಾನರ ಗದ್ದೆಯ ನಟ್ಟನಡುವೆ. ಸೀಟಿ, ಚಪ್ಪಾಳೆ. ಮಾವ ಟವೆಲು ಬೀಸಿದರು. ಗುದ್ದಲಿ ಬಿತ್ತು.

ಮೊಣಕಾಲುದ್ದ ಅಗೆದರು, ಏನಿಲ್ಲ. ಸೊಂಟದುದ್ದ ಅಗೆದರು, ಕೆಸರು ಬಂತು. ಅಗಲಿಸಿ ನೋಡಿದರು. ಒಂದು ಏಡಿ ಸಿಕ್ಕಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವ ಗಾದೆಗೆ ಇಲಿಯಾದರೂ ಇದೆ, ನಮಗೆ ಏಡಿ. ಯಜಮಾನರ ಕಡೆಯವರು ಕೇಕೆ ಹಾಕಿ ನಕ್ಕರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

ತಾತ ಬದುವಿನಿಂದ ಇಳಿದು ಬಂದರು. ಸರಪಳಿಯನ್ನು ಕೈಗೆತ್ತಿಕೊಂಡು ಕೊಂಡಿ ಕೊಂಡಿಯಾಗಿ ಬೆರಳುಗಳ ನಡುವೆ ಜಾರಿಸಿದರು. ಅದರ ತುದಿ ಇಷ್ಟು ಬೇಗ ಬಂದದ್ದು ಕಂಡು ಅವರ ಮುಖ ಅರಳಿತು. ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಯ್ಯೋ ನನ್ ಬುದ್ದಿಗಿಷ್ಟು. ಇದು ಮೈಸೂರ್ ಸೀಮೆ ಸರಪಳಿ. ನಮ್ದರಲ್ಲಿ ಅರ್ಧ ಕಣ್ರಪ್ಪ.”

ಆಗಲೇ ನನಗೂ ಹೊಳೆದದ್ದು. ಗುಂಟೆಯ ಸರಪಳಿ ಗಿಡ್ಡ, ಸೆಂಟಿನ ಸರಪಳಿ ಅದರ ಎರಡರಷ್ಟು ಉದ್ದ. ಕೊಳ್ಳೇಗಾಲದ ಭೂಮಿಯನ್ನು ಯಳಂದೂರಿನ ಸರಪಳಿಯಿಂದ ಅಳೆದಿದ್ದೆವು. ಬೇರೆ ಯಾವ ಊರಿನವರೂ ಮಾಡಲಾಗದ ತಪ್ಪು ಅದು. ಅಳೆಯಬೇಕಾದವರು ಭಾಷಣಕ್ಕೆ ನಿಂತರೆ ಹೀಗೆಯೇ ಆಗುವುದು. ಜನ ಮತ್ತೆ ಹುರುಪಿನಿಂದ ಎದ್ದರು. ಇನ್ನೊಂದು ಹನ್ನೊಂದು ಅಳೆದರೆ ಸರಿಹೋಯಿತಲ್ಲ ಎಂದು ಹುಡುಗರು ಸರಪಳಿ ಹಿಡಿದು ಓಡಿದರು. ಈ ಸಲ ತಾತ ಭಾಷಣ ಮಾಡಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಸರಪಳಿಯ ಜೊತೆಯಲ್ಲೇ ಬಗ್ಗಿ ನಡೆದರು.

ಸರಪಳಿ ಗದ್ದೆ ದಾಟಿತು. ಕಳ್ಳಿ ಬೇಲಿ ದಾಟಿತು. ಕೂಗುತ್ತಿದ್ದ ಜನರ ದನಿ ಸ್ವಲ್ಪ ಸ್ವಲ್ಪವೇ ಇಳಿಯಿತು. ಯಾಕೆಂದರೆ ಬೇಲಿಯ ಆಚೆ ಇದ್ದದ್ದು ನಮ್ಮ ತೋಟ. ಮಾವ ಓಡಿಬಂದು ತಾತನ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದು ಗಾಡಿಯಲ್ಲಿದ್ದ ನಮಗೂ ಕೇಳಿಸಿತು.

“ಸಾಕು ಬುಡಿ ತಾತ. ಎಲೆಕ್ಸನ್ ಮುಗೀಲಿ, ಆಮೇಕೆ ನೋಡಾಣ. ಇದ್ಲು ಕೊಚ್ಕೊಂಡೋಯ್ತು ಅಂದ್ರೆ ಮುಗೀತು, ಯಾರ್ ಕೇಳಾರು?”

ತಾತ ಅವರ ಮುಖ ನೋಡಿದರು. ಸುಮ್ಮನಿದ್ದುಬಿಡಲಿ ಎಂದು ನನಗೆ ಒಂದು ಮನಸ್ಸು, ಅಗೆಸಲಿ ಎಂದು ಇನ್ನೊಂದು ಮನಸ್ಸು. ಬೋರ್ಡಿಗೆ ಅದು ಅವರ ಕೊನೆಯ ಸಲ ಎಂದು ಎಲ್ಲರಿಗೂ ಗೊತ್ತಿತ್ತು. ಗೋಪಿನಾಥಂವರೆಗೂ ಗಾಡಿರಸ್ತೆ ಮಾಡಿಸಿಯೇ ಕಣ್ಣು ಮುಚ್ಚುತ್ತೇನೆ ಎಂದು ಹನೂರಿನ ಜನಕ್ಕೆ ಮಾತು ಕೊಟ್ಟಿದ್ದರು. ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದರು.

“ಅಗೀರ್ಲಾ,” ಅಂದರು ತಾತ.

ಹಿಪ್ಪುನೇರಳೆಯ ಎರಡು ಸಾಲುಗಳ ಕೆಳಗೆ, ಹೆಚ್ಚು ಆಳವೂ ಅಲ್ಲ, ಕರ್ರಗೆ ಇದ್ದಲು ಬಂತು. ಮಡಕೆಯ ಚೂರುಗಳು ಬಂದವು. ತಾತ ತಾವೇ ಗುಂಡಿಗೆ ಕೈಹಾಕಿ ಮಣ್ಣು ಕೆದಕಿ, ಒಂದು ಕವಡೆ ತೆಗೆದು, ಪಂಚೆಯಲ್ಲಿ ಒರೆಸಿ ಎತ್ತಿ ಹಿಡಿದರು. ಸೀಟಿ ಇಲ್ಲ, ಚಪ್ಪಾಳೆ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನಾವೇ ಆಗಿದ್ದೆವು. ನಿಜವಾದ ಗಾಡಿದಾರಿ ಇದ್ದದ್ದು ನಮ್ಮ ತೋಟದಲ್ಲಿ. ಯಾವ ಕಾಲದಲ್ಲೋ ಅದನ್ನು ಉತ್ತು ಗಿಡ ನೆಟ್ಟು, ಜನರನ್ನು ಪಕ್ಕದ ಗದ್ದೆಯ ಬದುವಿಗೆ ತಳ್ಳಿದ್ದರು. ಗಿರಣಿಯವರು ಮುಚ್ಚಿದ್ದು ತಮ್ಮ ಬದುವನ್ನೇ.

ತಾತ ಯಜಮಾನರ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ತೆಪ್ಪು ನಂದು. ದಾರಿ ನುಂಗ್ದೋರು ನೀವಲ್ಲ.” ಯಜಮಾನರು ಎಲೆಯಡಿಕೆ ಚೀಲ ಮುಂದೆ ಚಾಚಿದರು. ತಾತ ಒಂದು ಅಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಅಂದಿನ ಸಂಜೆಯೇ ಮಾವ ಹಸಿರು ಕಾಗದಗಳನ್ನೆಲ್ಲ ಒಲೆಗೆ ಹಾಕಿಸಿದರು. ಎದುರಾಳಿ ಮಾಡಬಹುದಾದ ಕೆಲಸವನ್ನು ಮನೆಯವನ ಹಾಗಿದ್ದವನು ಮಾಡಿದನಲ್ಲ, ನಾಲ್ಕು ಜನರೆದುರು ನಮ್ಮನ್ನು ದಾರಿಗಳ್ಳರನ್ನಾಗಿ ಮಾಡಿದನಲ್ಲ ಎಂದು ಅವರ ಸಿಟ್ಟು. ಆ ಕವಡೆ ತಾತ ಕೈಯಲ್ಲಿ ಅಡಗಿಸಿಕೊಂಡು ಹೋಗಿದ್ದದ್ದು, ಆಟದಲ್ಲಿ ಮಗುಚುವವನಿಗೆ ಅದೇನು ಕಷ್ಟ ಎಂದರು. ನಮ್ಮ ಬಳಗದ ಓಟೆಲ್ಲ ಕೆಂಪು ಡಬ್ಬಕ್ಕೆ ಎಂದು ತೀರ್ಮಾನವಾಯಿತು. ಅದು ಅತ್ತೆಯ ಅಪ್ಪ ಕೊಟ್ಟ ಭೂಮಿ. ಕಳ್ಳತನ ಎಂದರೆ ಅವರ ಅಪ್ಪನದೇ ಆಗಬೇಕಿತ್ತು. ಅಂದು ಅವರು ಊಟ ಮಾಡಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ತೋಟದ ಬಾವಿಗೆ ಹೋದರು. ಅಲ್ಲಿ ಬಟ್ಟೆ ಒಗೆಯುವ ಕಲ್ಲೊಂದು ಮೊದಲಿನಿಂದಲೂ ಇತ್ತು. ನಾನೇ ಅದರ ಮೇಲೆ ಎಷ್ಟು ಸೀರೆ ಒಗೆದಿದ್ದೆನೋ. ಅತ್ತೆ ಅದನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ದೂರ ನಿಲ್ಲಲು ಹೇಳಿ, ಹಾರೆಯ ತುದಿ ಕೊಟ್ಟು, ಒಬ್ಬರೇ ಮೀಟಿ ಕಲ್ಲನ್ನು ಮಗುಚಿದರು. ಅಡಿಯಲ್ಲಿ ಪಾಚಿ, ಎರೆಹುಳು. ಸೆರಗಿನಿಂದ ಒರೆಸಿದರು. ಸರ್ವೆ ಕಲ್ಲಿಗೆ ಹೊಡೆಯುವ ಬಾಣದ ಗುರುತು ಚೊಕ್ಕವಾಗಿ ಕಂಡಿತು.

ಅತ್ತೆ ಕಲ್ಲನ್ನು ಮತ್ತೆ ಮೊದಲಿನ ಹಾಗೆ ಮಗುಚಿಟ್ಟರು. “ಯಾರ್ಗೂ ಏಳ್ಬೇಡ ಕನ ಕೂಸು,” ಅಂದರು. ಆಮೇಲೆ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದೆವು.

ತಾತ ಸೋತರು. ಅಂಚಿನಲ್ಲಿ ಸೋತದ್ದಲ್ಲ, ಚೆನ್ನಾಗಿಯೇ ಸೋತರು. ಹನೂರು, ರಾಮಾಪುರದ ಕಡೆ ಹಸಿರು ಡಬ್ಬ ತುಂಬಿತ್ತಂತೆ. ಕೊಳ್ಳೇಗಾಲದ ಕಡೆ ಡಬ್ಬ ಅಲ್ಲಾಡಿಸಿದರೆ ಸದ್ದು ಕೇಳಿಸುವಷ್ಟು ಖಾಲಿ. ಓಟಿನ ದಿನ ಅತ್ತೆ ಮಾವನ ಜೊತೆ ಗಾಡಿಯಲ್ಲಿ ಹೋಗಿ, ಪರದೆಯ ಹಿಂದೆ ಹೋಗಿ ಬಂದು, ಮುಖ ಗಂಟಿಕ್ಕಿಕೊಂಡೇ ಮನೆಗೆ ಬಂದಿದ್ದರು. ಎಣಿಕೆ ಮುಗಿದ ಸುದ್ದಿ ಬಂದಾಗ ತಾತ ತಮ್ಮ ಜಗುಲಿಯಲ್ಲಿ ಒಬ್ಬರೇ ಕೂತಿದ್ದರು. ಪೇಟ ಇರಲಿಲ್ಲ. ಬೋಳು ತಲೆಯಲ್ಲಿ ಅವರನ್ನು ನಾನು ಅದೇ ಮೊದಲು ನೋಡಿದ್ದು, ಗುರುತೇ ಸಿಗಲಿಲ್ಲ. ಒಳಗೆ ಬಂದು ಅತ್ತುಬಿಟ್ಟೆ.

ಚುನಾವಣೆ ಮುಗಿದ ವಾರವೇ ಅತ್ತೆ ಇಬ್ಬರು ಆಳು ಕರೆಸಿ ತೋಟದ ಆ ಎರಡು ಸಾಲು ಕೀಳಿಸಿದರು. ಮಾವ ಕೂಗಾಡಿದರು. “ನನ್ ಅಪ್ಪ ಕೊಟ್ಟ ಭೂಮಿ, ನನ್ ಸೊಸೆ ತವರ್ಗೋಗೋ ದಾರಿ. ನೀವು ಸುಮ್ಕಿರಿ,” ಎಂದುಬಿಟ್ಟರು. ಅತ್ತೆ ಮಾವನಿಗೆ ಹಾಗೆ ಎದುರುಕೊಟ್ಟದ್ದು ನಾನು ಕಂಡಂತೆ ಅದೊಂದೇ ಸಲ. ಮಳೆಗಾಲದಲ್ಲಿ, ಹಳ್ಳ ದಡ ಮೀರಿ ಹರಿಯುತ್ತಿದ್ದಾಗ, ನಾನು ಆ ದಾರಿಯಲ್ಲೇ ಗಾಡಿ ಏರಿ ತವರಿಗೆ ಹೋದೆ. ಎರಡು ಕಡೆಯ ಹಿಪ್ಪುನೇರಳೆ ಎಲೆ ಗಾಡಿಯ ಕಮಾನಿಗೆ ಸವರುತ್ತಿತ್ತು. ಎಲ್ಲೆಯವರೆಗೂ ಅತ್ತೆ ಜೊತೆಗೆ ಬಂದರು. ಸಂತೋಷಕ್ಕೆ ಹೊಟ್ಟೆಯ ಭಾರವೂ ಮರೆತುಹೋಗಿತ್ತು. ಮಗಳು ಹುಟ್ಟಿದಳು, ಈಗ ಮದುವೆಗೆ ಬಂದಿರುವವಳು ಅವಳೇ.

ನಾನು ಮಗು ಎತ್ತಿಕೊಂಡು ಹಿಂತಿರುಗಿದಾಗ ಜಗುಲಿಯಲ್ಲಿ ಚೌಕಾಬಾರ ಮತ್ತೆ ಶುರುವಾಗಿತ್ತು. ಹೇಗೆ ಶುರುವಾಯಿತೋ ನನಗೆ ಗೊತ್ತಿಲ್ಲ. ಮಾವ ಇಲ್ಲದ ಹೊತ್ತು ನೋಡಿ ತಾತ ಬರುತ್ತಿದ್ದರು. ಆಟಕ್ಕೆ ಆ ಗುಂ‍ಡಿಯಲ್ಲಿ ಸಿಕ್ಕಿದ ಕವಡೆಯನ್ನೂ ಸೇರಿಸಿದ್ದರು. ಮಣ್ಣಿನಲ್ಲಿ ಕಾಲ ಕಳೆದು ಅದರ ಹೊಳಪು ಹೋಗಿತ್ತು. ಆ ಕವಡೆಯನ್ನೇ ಮಗುಚುತ್ತಿದ್ದರು. ಅತ್ತೆ ನೋಡಿಯೂ ನೋಡದವರಂತೆ ಇರುತ್ತಿದ್ದರು. ಓಟಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಂದೇ ಒಂದು ದಿನ ತಾತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಲೇ ಅಂದರು: “ಓಗ್ಲಿ ಬುಡು ಕೂಸು. ಈ ಮನೆಯಿಂದ ಒಂದ್ ಓಟಾರಾ ಬತ್ತದೆ ಅನ್ಕಂಡಿದ್ದೆ.” ಅತ್ತೆ ಕವಡೆ ಕುಲುಕುತ್ತಿದ್ದವರು ಒಂದು ಗಳಿಗೆ ನಿಲ್ಲಿಸಿದರು. ಆಮೇಲೆ ಹಾಕಿದರು. ಏನು ಬಿತ್ತು ಎಂದು ಇಬ್ಬರೂ ನೋಡಿದ ಹಾಗೆ ಕಾಣಲಿಲ್ಲ...

ಯುದ್ಧ ಶುರುವಾದ ಮೇಲಿನ ಒಂದು ಬೇಸಿಗೆಯಲ್ಲಿ ತಾತ ತೀರಿಕೊಂಡರು. ರಾಮಾಪುರದಿಂದ, ಹನೂರಿನಿಂದ ಗಾಡಿಗಾಡಿಯಾಗಿ ಜನ ಬಂದರು. ನನ್ನ ತವರೂರಿನವರು ನಮ್ಮ ತೋಟದ ದಾರಿಯಲ್ಲಿ ಬಂದರು. ಮಣ್ಣು ಮಾಡಿ ಎಲ್ಲರೂ ಹೋದ ಮೇಲೆ ಅತ್ತೆ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದವರು ಕೈ ನಿಲ್ಲಿಸದೆಯೇ ಅಂದರು.

“ನಾನು ಅಸ್ರು ಡಬ್ಬಕ್ಕೇ ಆಕಿದ್ದೆ ಕನವ್ವ.”

ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಎಂದೆ.

“ಏಳಾಣ ಏಳಾಣ ಅಂತ... ಆಟದಲ್ಲಿ ನನ್ನ ಎಷ್ಟ್ ಸತಾಯಿಸ್ತಿದ್ರು ಮಾರಾಯ್ರು. ಇನ್ನೊಂದಿನ ಏಳಾಣ ಅಂತಿದ್ದೆ.” ಬೂದಿ ಹತ್ತಿದ ಮುಂಗೈಯಿಂದ ಕಣ್ಣೊರೆಸಿಕೊಂಡು ಮತ್ತೆ ಪಾತ್ರೆ ಬೆಳಗಿದರು.

ಅತ್ತೆಯೂ ಹೋಗಿ ವರ್ಷಗಳಾದವು. ದೇಶಕ್ಕೆಲ್ಲ ಓಟು ಬಂದು ನಾನು ಮೊದಲ ಸಲ ಚೀಟಿ ಹಿಡಿದು ನಿಂತಾಗ, ಬಣ್ಣದ ಡಬ್ಬಗಳ ಕಾಲ ಮುಗಿದಿತ್ತು. ಆದರೂ ನನ್ನ ಕಣ್ಣು ಹಸಿರನ್ನೇ ಹುಡುಕುತ್ತಿತ್ತು. ಎಷ್ಟು ಹುಡುಕಿದರೂ ಇರಲಿಲ್ಲ.

ಮೊನ್ನೆ ಬಂದ ಸರ್ವೆ ಹುಡುಗ ನಮ್ಮ ಬೀದಿಯ ಮೂಲೆಗೆ ಹೊಸ ಕಲ್ಲು ನೆಡಿಸುತ್ತಿದ್ದ. ತಳಕ್ಕೆ ಇದ್ದಲು ಹಾಕುವುದಿಲ್ಲವೇನಪ್ಪ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ, ಈಗ ಅದೆಲ್ಲ ಇಲ್ಲಮ್ಮ ಎಂದ. ಒಂದು ಗಳಿಗೆ ನಿಲ್ಲಿ ಎಂದು ಒಳಗೆ ಓಡಿ ಒಲೆಯ ಬುಡದಿಂದ ಒಂದು ಬೊಗಸೆ ಇದ್ದಲು ತಂದು ಗುಂಡಿಗೆ ಸುರಿದೆ. ಹುಚ್ಚು ಹೆಂಗಸು ಅಂದುಕೊಂಡಿರಬೇಕು, ಆದರೆ ತಡೆಯಲಿಲ್ಲ. ನಾಳೆ ನಾವು ಮೈಸೂರಿಗೆ ಸೇರಲಿ, ಎಲ್ಲಿಗೇ ಸೇರಲಿ, ಯಾರೋ ಯಾವಾಗಲೋ ಆ ಕಲ್ಲು ಕಿತ್ತರೆ ಅಡಿಯಲ್ಲಿ ಸಾಕ್ಷಿ ಇರುತ್ತದೆ.

ತಾತನ ಕವಡೆಯನ್ನೂ ಹಾಕಿಬಿಡಲೇ ಎಂದು ಕೈಗೆ ತೆಗೆದುಕೊಂಡಿದ್ದೆ. ಅತ್ತೆಯ ಕಾಲದಿಂದ ಅದು ಅರಿಶಿನದ ಭರಣಿಯಲ್ಲಿದೆ. ಆಮೇಲೆ ಮನಸ್ಸು ಬರಲಿಲ್ಲ, ಹಿಂತಿರುಗಿ ತಂದಿಟ್ಟೆ. ಜಗುಲಿಯ ಕಲ್ಲಿನ ಮೇಲೆ ಕೊರೆದ ಚೌಕಾಬಾರದ ಮನೆಗಳು ಸವೆದಿದ್ದರೂ ಕಾಣುತ್ತವೆ. ಮೋಸ ಮಾಡುವವರೂ ಇಲ್ಲ, ಮೋಸ ಹೋಗುವವರೂ ಇಲ್ಲ.